ನಾಲ್ಕನೇ ಚಕ್ರದ ನಟ್ಟುಗಳು

ಲಿಫ್ಟ್ ಯಜಮಾನರು ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದಾಗಲೇ ಡ್ರಾಯಿಂಗ್ ಮೇಷ್ಟ್ರು ಚದುರಂಗದ ಕುದುರೆಯನ್ನು ತಪ್ಪು ಮನೆಯಲ್ಲಿಟ್ಟರು. ಅವರು ಯಾಕೆ ಬರುತ್ತಿದ್ದಾರೆಂಬುದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಚದುರಂಗದ ಮಣೆಯ ಮೇಲೆ ಕಣ್ಣು ನೆಟ್ಟು ಕೂತರು. ಎದುರಿಗಿದ್ದ ಸರ್ವೇಯರಮ್ಮ ಅವರ ಕುದುರೆಯನ್ನು ಸಲೀಸಾಗಿ ಹೊಡೆದು, "ಮೇಷ್ಟ್ರೇ, ಇವತ್ತು ನಿಮ್ಮ ಮನಸ್ಸು ಇಲ್ಲಿಲ್ಲ," ಎಂದರು.

ಸರ್ವೇಯರಮ್ಮ ವಿಮಾ ಕಂಪನಿಯೊಂದರಲ್ಲಿ ನುಜ್ಜುಗುಜ್ಜಾದ ಕಾರು, ಮಗುಚಿಬಿದ್ದ ಲಾರಿಗಳನ್ನು ನೋಡಿ, ತಪ್ಪು ರಸ್ತೆಯದೋ ಚಾಲಕನದೋ ಕಬ್ಬಿಣದ್ದೋ ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಮೇಲಿನ ಮಹಡಿಯಲ್ಲಿ ಅವರು, ಕೆಳಗಿನ ಮನೆಯಲ್ಲಿ ಮೇಷ್ಟ್ರು. ಬೀದಿಯಲ್ಲಿ ಏನೇ ಮುರಿದರೂ, ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಇವರ ಮೆಟ್ಟಿಲು ಹತ್ತುತ್ತಿದ್ದರು. ಕಾಫಿ ಮಾತ್ರ ಮೇಷ್ಟ್ರೇ ಮಾಡಬೇಕಿತ್ತು. ಯಾರ ಹೊಟ್ಟೆಯಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ಹೆಂಗಸಿಗೆ ಒಲೆಯ ಮೇಲೆ ಹಾಲು ಉಕ್ಕುವುದು ಮಾತ್ರ ಒಂದು ದಿನವೂ ಪತ್ತೆಯಾಗಿರಲಿಲ್ಲ.

ಯಜಮಾನರು ಒಳಗೆ ಬಂದು ಕೂತರು. ಜೀವನವಿಡೀ ದೊಡ್ಡ ಕಟ್ಟಡಗಳ ಲಿಫ್ಟು ರಿಪೇರಿ ಮಾಡಿದ ಮನುಷ್ಯ. ಈಗ ಮಂಡಿ ಕೈಕೊಟ್ಟಿತ್ತು. ಎರಡು ಮಾತಾಡುವಷ್ಟರಲ್ಲಿ ಗಾಳಿಗೆ ಕಿಟಕಿ ಕಿರ್ ಎಂದಿತು. ಅವರು ಎದ್ದು, ಜೇಬಿನಿಂದ ಚಪ್ಪಟೆ ಡಬ್ಬಿಯೊಂದನ್ನು ತೆಗೆದು, ಕಿಟಕಿಯ ಕೀಲಿಗೆ ಗ್ರೀಸು ಸವರಿ, ಬೆರಳು ಒರೆಸಿಕೊಂಡು ಮತ್ತೆ ಬಂದು ಕೂತರು. ಯಾರೂ ಅವರನ್ನು ಕೇಳಿಕೊಂಡಿರಲಿಲ್ಲ.

"ಆ ಸದ್ದು ಕೇಳಿದ್ರೆ ನಂಗೆ ಕೂರೋಕಾಗಲ್ಲ," ಎಂದರು. ಆಮೇಲೆ ಮೇಷ್ಟ್ರ ಮುಖ ನೋಡದೆ, "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಅಳಿಯನ ಮೇಲೆ ನಾಳೆ ಕಂಪ್ಲೇಂಟ್ ಕೊಡ್ತೀನಿ. ಹೊಂದದ ಚಕ್ರ ಹಾಕಿ ನನ್ನ ಮಗಳನ್ನ ಸಾಯಿಸೋಕೆ ಹೋದ. ಅವನ ಗ್ಯಾರೇಜಿನ ಶಟರ್ ಇನ್ನು ಮೇಲೇಳಬಾರದು. ಅದಕ್ಕೆ ಮುಂಚೆ ಅಮ್ಮಾ, ನೀವೊಂದ್ಸಲ ಕಾರು ನೋಡಿ. ನಿಮ್ಮ ಮಾತಿದ್ರೆ ಸ್ಟೇಷನ್ನಲ್ಲಿ ತೂಕ ಇರುತ್ತೆ," ಎಂದರು.

ಕಾರಿನ ಕತೆ ಆ ಬೀದಿಗೆಲ್ಲ ಗೊತ್ತಿದ್ದದ್ದೇ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತೆ ಓಡುವ ಸ್ಪೋರ್ಟ್ಸ್ ಕಾರು. ಗುಜರಿಗೆ ಹೋಗುತ್ತಿದ್ದುದನ್ನು ಯಜಮಾನರು ತಂದು, ಊರೂರು ಅಲೆದು ಅಸಲಿ ಬಿಡಿಭಾಗಗಳನ್ನೇ ಹುಡುಕಿ, ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆ ನಿಲ್ಲಿಸಿದ್ದರು. ಮಂಡಿ ಸೋತ ಮೇಲೆ ಮಗಳ ಕೈಗೆ ಕೀಲಿಕೈ ಕೊಟ್ಟರು. ಅಲ್ಲಿಂದ ಮನೆಯಲ್ಲಿ ರಗಳೆ ಶುರುವಾಯಿತು. ಮಗಳಿಗೆ ಕಾರನ್ನು ಬದಲಾಯಿಸುವ ಆಸೆ: ಅಗಲವಾದ ಹೊಸ ಚಕ್ರ, ಗಟ್ಟಿ ಸ್ಪ್ರಿಂಗು, ದೊಡ್ಡ ಸೈಲೆನ್ಸರು. ಔಷಧಿ ಅಂಗಡಿ ಇಟ್ಟಿದ್ದ ಅಣ್ಣನಿಗೆ ಒಂದು ಸ್ಕ್ರೂ ಕೂಡ ಬದಲಾಗಬಾರದು; ಅಪ್ಪನ ತೊಡೆಯ ಮೇಲೆ ಕೂತು ಆ ಸ್ಟೀರಿಂಗು ಹಿಡಿದವನು ಅವನು. "ಆ ಚಕ್ರ ಹಾಕ್ಕೊಂಡು ಹೊರಗೆ ಹೋಗು ನೋಡೋಣ," ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ್ದ. ಯಜಮಾನರು ಮಾತ್ರ, "ಕಾರು ನಿಂದು ಮಗಳೇ, ನಿನ್ನಿಷ್ಟ. ನಾನು ಕೈ ಹಾಕಲ್ಲ," ಎಂದು ಸುಮ್ಮನಾಗಿದ್ದರು.

ಸ್ಪ್ರಿಂಗಿಗೂ ಸೈಲೆನ್ಸರಿಗೂ ಇನ್ನೂ ಕಾಲ ಬಂದಿರಲಿಲ್ಲ. ಶುಕ್ರವಾರ ಸಂಜೆ ಮೇಷ್ಟ್ರ ಅಕ್ಕನ ಮಗನಾದ ಈ ಅಳಿಯ ತನ್ನ ಗ್ಯಾರೇಜಿನಲ್ಲಿ ಹೊಸ ಚಕ್ರ ಹಾಕಿ, ಕಾರನ್ನೂ ಹಳೆಯ ಚಕ್ರ, ನಟ್ಟುಗಳನ್ನೂ ಮನೆಗೆ ಮುಟ್ಟಿಸಿದ್ದ. ಶನಿವಾರವೆಲ್ಲ ಕಾರು ಶೆಡ್ಡಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಮಗಳು ಹೊರಟಳು. ಊರಾಚೆಯ ಸೇತುವೆಯ ತಿರುವಿನಲ್ಲಿ ಮುಂದಿನ ಎಡಚಕ್ರ ಕಳಚಿ ತನ್ನ ಪಾಡಿಗೆ ತಾನು ಉರುಳಿ ಹೋಯಿತು. ಕಾರು ತಡೆಗೋಡೆಗೆ ಬಡಿಯಿತು. ಇನ್ನೊಂದು ಮಾರು ಆಚೆ ಸರಿದಿದ್ದರೆ ಹೊಳೆ. ಅವಳು ದಂತ ಪ್ರಯೋಗಾಲಯದಲ್ಲಿ ಕಟ್ಟುಹಲ್ಲು ಮಾಡುವವಳು, ಬಲಗೈ ಮಣಿಕಟ್ಟೇ ಮುರಿದಿತ್ತು.

"ಮೆಕ್ಯಾನಿಕ್ ಬಿಟ್ರೆ ಇನ್ಯಾರಾದ್ರೂ ಕಾರು ಮುಟ್ಟಿದ್ರಾ?" ಸರ್ವೇಯರಮ್ಮ ಕೇಳಿದರು.

"ಕೆಡಿಸೋ ಕೈ ಇನ್ಯಾವುದೂ ಮುಟ್ಟಿಲ್ಲ," ಎಂದರು ಯಜಮಾನರು.

"ಒಂದು ದಿನ ತಡೀರಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ."

ಅವರು ಹೋದ ಮೇಲೆ ಮೇಷ್ಟ್ರು ಮಣೆಯ ಮೇಲಿನ ಕಾಯಿಗಳನ್ನೆಲ್ಲ ಕಲಸಿಬಿಟ್ಟರು. "ಅಮ್ಮಾ, ನೀವು ನೋಡೋದು ಬೇಡ. ಅವನ ತಪ್ಪೇ ಇದ್ರೆ ನಿಮ್ಮ ಬಾಯಿಂದ ಕೇಳೋ ಶಕ್ತಿ ನಂಗಿಲ್ಲ."

"ತಪ್ಪಿದ್ರೆ ಇದೆ ಅಂತೀನಿ. ಹೇಳಬಾರದು ಅನ್ನೋ ಹಾಗಿದ್ರೆ ಈಗಲೇ ಹೇಳಿ, ಕಾಫಿ ಕುಡಿದು ಮಲಗ್ತೀನಿ," ಎಂದರು ಸರ್ವೇಯರಮ್ಮ. ಅವರ ಸಾಂತ್ವನದ ರೀತಿಯೇ ಹಾಗೆ.

ಮರುದಿನ ಇಬ್ಬರೂ ಹೋದಾಗ ಗ್ಯಾರೇಜಿನ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಅಳಿಯ ಹಳೇ ಟೈರಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಸ್ಪ್ಯಾನರುಗಳೆಲ್ಲ ಗೋಡೆಯ ಮೊಳೆಗಳಲ್ಲಿ ತೂಗುತ್ತಿದ್ದವು. ಎರಡು ದಿನದಿಂದ ಅವನು ಒಂದನ್ನೂ ಮುಟ್ಟಿರಲಿಲ್ಲ.

"ಮಾಮ, ಮೂರು ಚಕ್ರ ಬಿಗಿ ಮಾಡಿದ್ದು ಚೆನ್ನಾಗಿ ನೆನಪಿದೆ," ಎಂದ. "ನಾಲ್ಕನೇದು ಮಾಡೋ ಹೊತ್ತಿಗೆ ಮನೆಯಿಂದ ಫೋನ್ ಬಂತು, ಮಗೂಗೆ ಜ್ವರ ಜಾಸ್ತಿ, ಆಸ್ಪತ್ರೆಗೆ ಹೋಗಬೇಕು ಅಂತ. ಆಮೇಲೆ ಏನು ಮಾಡಿದ್ನೋ ನೆನಪೇ ಇಲ್ಲ. ಮುಂದಿನ ಎಡಗಡೇದು ಮಾಮ, ಅದೇ ಕಳಚಿದ್ದು."

ಮೇಷ್ಟ್ರು ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಕೇಳಿದರು. "ಚುಕ್ಕೆ ಇಟ್ಟಿರ್ತೀಯಲ್ಲೋ?"

ಚುಕ್ಕೆಯ ಅಭ್ಯಾಸ ಮೇಷ್ಟ್ರೇ ಕಲಿಸಿದ್ದು. ಚಿಕ್ಕವನಿದ್ದಾಗ ಒಂದು ಚಿತ್ರವನ್ನೂ ಮುಗಿಸುತ್ತಿರಲಿಲ್ಲ. ಮುಗಿದ ಕಡೆ ಮೂಲೆಯಲ್ಲೊಂದು ಚುಕ್ಕೆ ಇಡು, ಚುಕ್ಕೆ ಇಲ್ಲದ್ದು ಮುಗಿದಿಲ್ಲ ಎಂದು ಹೇಳಿದ್ದರು. ಅವನು ಮೆಕ್ಯಾನಿಕ್ ಆದ ಮೇಲೂ ಅದನ್ನು ಬಿಡಲಿಲ್ಲ; ಅಳತೆಯ ಸ್ಪ್ಯಾನರಿನಲ್ಲಿ ಬಿಗಿ ನೋಡಿದ ಪ್ರತಿ ನಟ್ಟಿನ ತಲೆಗೂ ಹಳದಿ ಬಣ್ಣದ ಚುಕ್ಕೆ ಇಡುತ್ತಿದ್ದ.

ಅಳಿಯ ಮೊಬೈಲು ಮುಂದೆ ಹಿಡಿದ. ಯಜಮಾನರ ಮಗ ಬೈಗುಳದ ಜೊತೆ ಕಳಿಸಿದ ಫೋಟೋಗಳು. ಕಳಚದೆ ಉಳಿದ ಮೂರು ಚಕ್ರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ನಟ್ಟಿನ ಮೇಲೂ ಚುಕ್ಕೆ ಇರಲಿಲ್ಲ.

"ಮೂರರದ್ದು ನೆನಪಿದೆ ಅಂದೆನಲ್ಲ, ಅದೂ ಸುಳ್ಳೇ ಇರಬೇಕು," ಎಂದ. "ನನ್ನ ತಲೆ ಮೇಲೇ ನಂಗೆ ನಂಬಿಕೆ ಹೋಯ್ತು ಮಾಮ. ಇನ್ನೊಬ್ಬರ ಗಾಡಿ ಮುಟ್ಟೋಕೆ ಭಯ ಆಗುತ್ತೆ."

ಸರ್ವೇಯರಮ್ಮ ಅವನ ಕಡೆ ನೋಡಲೂ ಇಲ್ಲ. "ನಟ್ಟು ಹಳೇವೇ ಹಾಕಿದ್ಯಾ?"

"ಇಲ್ಲಮ್ಮ, ಹೊಸ ಚಕ್ರದ ಜೊತೆ ಅದರದ್ದೇ ನಟ್ಟು ಬಂದಿತ್ತು. ಹೊರಗಿಂದ ನೋಡೋಕೆ ಎರಡೂ ಒಂದೇ ಥರ."

"ಗ್ರೀಸು?"

"ಚಕ್ರದ ಬೋಲ್ಟಿಗಾ? ಛೇ, ಯಾರು ಹಚ್ತಾರೆ."

ಯಜಮಾನರ ಶೆಡ್ಡು ಅವರ ಮನೆಗಿಂತ ಅಚ್ಚುಕಟ್ಟಾಗಿತ್ತು. ಗಾಯಗೊಂಡ ಕಾರು ಜಾಕಿನ ಮೇಲೆ ನಿಂತಿತ್ತು. ಕಳಚಿದ ಚಕ್ರ ಗೋಡೆಗೆ ಒರಗಿತ್ತು. ಹಳೆಯ ನಾಲ್ಕು ಚಕ್ರಗಳು ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದ್ದವು. ಬೀಗದ ಕೈ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತಿತ್ತು, ಮನೆಯವರು ಯಾರು ಬೇಕಾದರೂ ತೆಗೆಯಬಹುದಿತ್ತು.

ಸರ್ವೇಯರಮ್ಮ ಯಜಮಾನರ ಮಗನ ಕೈಗೆ ಸ್ಪ್ಯಾನರು ಕೊಟ್ಟು ಹಿಂದಿನ ಚಕ್ರದ ಒಂದು ನಟ್ಟು ಬಿಚ್ಚಲು ಹೇಳಿದರು. ಅವನು ಬೆವರು ಸುರಿಸಿ ಬಲಕ್ಕೆ ತಿರುಗಿಸಿದ, ಇನ್ನಷ್ಟು ಬಿಗಿಯಾಯಿತು. "ಎಡಕ್ಕಪ್ಪಾ," ಎಂದು ಸರ್ವೇಯರಮ್ಮ ತಾವೇ ಬಿಚ್ಚಿದರು. ಚಕ್ರದ ತೂತಿನೊಳಗೆ ಟಾರ್ಚು ಬಿಟ್ಟರು. ಒಳಗೆ ಕೂದಲೆಳೆಯಷ್ಟು ತೆಳ್ಳಗಿನ ಒಂದೇ ಒಂದು ಉಂಗುರ ಹೊಳೆಯುತ್ತಿತ್ತು. ಬೋಲ್ಟಿನ ಸುರುಳಿ ಗೆರೆಗಳ ಮೇಲೆ ಬೆರಳಾಡಿಸಿದರು. ಬೆರಳು ಕಪ್ಪಾಗಿ ಜಾರಿತು. ಅದನ್ನು ಮೂಸಿ ನೋಡಿ ಮೇಷ್ಟ್ರ ಬಿಳೀ ಕರ್ಚೀಫಿಗೆ ಒರೆಸಿದರು. ಬೇರೆ ದಿನವಾಗಿದ್ದರೆ ಮೇಷ್ಟ್ರು ಕೂಗಾಡುತ್ತಿದ್ದರು.

"ಹಳೇ ನಟ್ಟುಗಳು ಎಲ್ಲಿವೆ ಯಜಮಾನರೇ?"

"ಆ ಡಬ್ಬೀಲಿ," ಎಂದು ಅವರು ಮೇಲಿನ ಹಲಗೆಯತ್ತ ಕೈ ಮಾಡಿದರು. ತೆಗೆಯಲು ಹೋಗಲಿಲ್ಲ.

"ಅಲ್ಲೇ ಇರಲಿ. ಶೆಡ್ಡಿಗೆ ಬೀಗ ಹಾಕಿ. ಕೀಲಿಕೈ ನಾಳೆವರೆಗೆ ಮೇಷ್ಟ್ರ ಹತ್ರ ಇರುತ್ತೆ."

ಹೊರಡುವ ಮುಂಚೆ ಮಗಳನ್ನು ಮಾತಾಡಿಸಿದರು. ಕೈಗೆ ಪ್ಲಾಸ್ಟರು, ಗದ್ದಕ್ಕೆ ಹೊಲಿಗೆ. ಬೆರಳ ತುದಿಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಳ್ಳುತ್ತಿದ್ದಳು, ಎಲ್ಲವೂ ಇನ್ನೂ ತನ್ನವೇ ಹೌದೋ ಎಂಬಂತೆ. "ಹೇಳಬಾರದು ಆಂಟಿ," ಎಂದಳು ಸಣ್ಣ ದನಿಯಲ್ಲಿ. "ಮೆಕ್ಯಾನಿಕ್ಕಣ್ಣ ಅಂಥವರಲ್ಲ. ಶನಿವಾರ ನಾನು ಕೆಲಸಕ್ಕೆ ಹೋಗಿದ್ದೆ. ನಮ್ಮಣ್ಣ ಮಧ್ಯಾಹ್ನ ಊಟಕ್ಕೆ ಬರ್ತಾನೆ. ಅವನೇ ಏನಾದ್ರೂ..." ಎಂದವಳು ಅಳತೊಡಗಿದಳು.

ಮೇಲೆ ಬಂದು ಕೂತ ಮೇಲೆ ಸರ್ವೇಯರಮ್ಮ ಬಿಚ್ಚಿ ತಂದಿದ್ದ ನಟ್ಟನ್ನು ಮೇಷ್ಟ್ರ ಮುಂದಿಟ್ಟರು. "ಬರೀರಿ."

"ಈಗ ಚಿತ್ರ ಬರೆಯೋ ಹೊತ್ತೇನಮ್ಮ?"

"ಕೈಗೆ ಕೆಲಸ ಕೊಟ್ರೆ ತಲೆ ಸುಮ್ಮನಿರುತ್ತೆ. ಚಕ್ರಕ್ಕೆ ಕೂರೋ ಕಡೆಯಿಂದ ಬರೀರಿ."

ಮೇಷ್ಟ್ರು ಬರೆದರು. ನಟ್ಟಿನ ಮೂತಿ ಬಟ್ಟಲಿನ ತಳದ ಹಾಗೆ ಗುಂಡಗಿತ್ತು, ನೆರಳು ಮೆಲ್ಲಗೆ ಬಳುಕಿ ಸರಿಯುತ್ತಿತ್ತು. ಬರೆದು ಮುಗಿಸಿ ಅಭ್ಯಾಸಬಲದಿಂದ ಮೂಲೆಯಲ್ಲಿ ಚುಕ್ಕೆ ಇಟ್ಟರು. ಆ ಚುಕ್ಕೆಯನ್ನು ನೋಡಿದ್ದೇ ಅವರಿಗೆ ಅಳು ಬಂತು. ಅಂದು ಅವರು ನಿದ್ದೆ ಮಾಡಲಿಲ್ಲ. ಅಳಿಯ ಜೈಲಿಗೆ ಹೋಗುವುದಕ್ಕಿಂತ, ಅವನು ಇನ್ನು ಮುಂದೆ ತನ್ನ ಕೈಯನ್ನೇ ನಂಬದೆ ಬದುಕುವುದು ಅವರನ್ನು ಹೆಚ್ಚು ಹೆದರಿಸಿತು.

ಮರುದಿನ ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಮಗಳು ಕುರ್ಚಿಯಲ್ಲಿ; ಅಣ್ಣ ಅವಳಿಂದ ದೂರ ಗೋಡೆಗೆ ಒರಗಿ; ಯಜಮಾನರು ಕಾರಿನ ಪಕ್ಕದಲ್ಲಿ ನಿಂತು. ಅಳಿಯ ಹೊಸ್ತಿಲು ದಾಟಲಿಲ್ಲ. ಮೇಷ್ಟ್ರು ಅವನ ಪಕ್ಕದಲ್ಲೇ ನಿಂತರು.

ಸರ್ವೇಯರಮ್ಮ ಪೀಠಿಕೆ ಹಾಕುವವರಲ್ಲ. "ಈ ಹುಡುಗ ಬಿಗಿ ಮಾಡಿದ ನಟ್ಟಿಗೆಲ್ಲ ಹಳದಿ ಚುಕ್ಕೆ ಇಡ್ತಾನೆ," ಎಂದು ಆರಂಭಿಸಿದರು. "ಈ ಕಾರಿನಲ್ಲಿ ಒಂದು ಚುಕ್ಕೆಯೂ ಇಲ್ಲ. ಹಾಗಾದ್ರೆ ಇವನು ಬಿಗಿ ಮಾಡೋದು ಮರೆತ ಅಂತ ಇವನೂ ಇವನ ಮಾಮನೂ ಕೊರಗಿ ಸಾಯ್ತಿದ್ದಾರೆ. ಒಂದು ಚಕ್ರ ಮರೆತ ಅಂದ್ರೆ ನಂಬ್ತೀನಿ. ನಾಲ್ಕಕ್ಕೆ ನಾಲ್ಕೂ ಮರೆತು ಗಾಡಿ ಓಡಿಸ್ಕೊಂಡು ಬಂದು ಮನೆಗೆ ಮುಟ್ಟಿಸಿದ್ನಾ? ಅದಕ್ಕೆ ನಾನು ಬೇರೆ ಥರ ಕೇಳ್ಕೊಂಡೆ: ಈ ನಟ್ಟುಗಳು ಇವನು ಹಾಕಿದವೇ ಹೌದಾ?"

ಯಜಮಾನರ ಕೈ ಜೇಬಿಗೆ ಹೋಯಿತು. ಮೇಷ್ಟ್ರು ಅದನ್ನು ನೋಡಿದರು, ಅರ್ಥವಾಗಲಿಲ್ಲ.

"ಎರಡನೇದು ಈ ತೂತು," ಎಂದು ಸರ್ವೇಯರಮ್ಮ ಕಳಚಿದ ಚಕ್ರವನ್ನು ತಟ್ಟಿದರು. "ಹೊಸ ಚಕ್ರದ ತೂತು ಆಲಿಕೆ ಥರ, ನೇರ ಇಳಿಜಾರು. ಮೇಷ್ಟ್ರು ಬರೆದ ಚಿತ್ರದಲ್ಲಿ ನಟ್ಟಿನ ಮೂತಿ ಗೋಲಿ ಥರ ಗುಂಡಗಿದೆ. ಆಲಿಕೆಯಲ್ಲಿ ಗೋಲಿ ಇಟ್ರೆ ಎಷ್ಟು ತಾಗುತ್ತೆ? ಒಂದು ಗೆರೆಯಷ್ಟು. ತಿರುಗಿಸುವಾಗ ಬಿಗಿಯಾಯ್ತು ಅನ್ನಿಸುತ್ತೆ. ನಾಲ್ಕಾರು ಮೈಲಿ ಓಡಿ ಅದುರಿತೋ, ಸಡಿಲ. ಒಳಗೆ ಕಂಡ ಉಂಗುರ ಆ ಗೆರೆಯದ್ದೇ. ಇವು ಹಳೇ ಚಕ್ರದ ಹಳೇ ನಟ್ಟುಗಳು. ಶನಿವಾರ ಯಾರೋ ಹೊಸ ನಟ್ಟು ಬಿಚ್ಚಿ ಇವನ್ನ ಹಾಕಿದ್ದಾರೆ."

ಮಗಳು ಅಣ್ಣನ ಕಡೆ ತಿರುಗಿದಳು. ಅವನ ಮುಖ ಕಪ್ಪಿಟ್ಟಿತು. "ನಾನಲ್ಲ ಕಣೆ! ಕೂಗಾಡಿದ್ದು ನಿಜ, ನಿನ್ನ ಜೀವ ತೆಗೆಯೋನಾ ನಾನು?"

"ಅವನಲ್ಲ," ಎಂದರು ಸರ್ವೇಯರಮ್ಮ. "ನಟ್ಟು ಯಾವ ಕಡೆ ತಿರುಗುತ್ತೆ ಅಂತಾನೇ ಅವನಿಗೆ ಗೊತ್ತಿಲ್ಲ. ಅದು ನಟನೆ ಅಂತೀರಾ? ಹಾಗಾದ್ರೆ ಮೂರನೇದು ಕೇಳಿ. ಈ ಬೋಲ್ಟುಗಳಿಗೆಲ್ಲ ಗ್ರೀಸು ಹಚ್ಚಿದೆ. ಯಾವ ಮೆಕ್ಯಾನಿಕ್ಕೂ ಹಚ್ಚಲ್ಲ. ಕೆಡಿಸೋಕೆ ಬಂದವನೂ ಹಚ್ಚಲ್ಲ. ಅವನಿಗೆ ಬೇಗ ಓಡಿಹೋದ್ರೆ ಸಾಕಾಗಿರುತ್ತೆ. ಒಂದೊಂದನ್ನೂ ಒರೆಸಿ, ತೆಳ್ಳಗೆ ಸವರಿ, ಪ್ರೀತಿಯಿಂದ ಮಾಡಿದ ಕೆಲಸ ಇದು. ಮೊನ್ನೆ ನಮ್ಮನೆ ಕಿಟಕಿಗೆ ಸವರಿದ ಗ್ರೀಸೂ ಇದೇ ವಾಸನೆ."

ಮಗ ತಿರುಗಿ ಅಪ್ಪನನ್ನು ನೋಡಿದ.

"ಮೇಷ್ಟ್ರೇ, ಡಬ್ಬಿ ತೆಗೀರಿ."

ಮೇಷ್ಟ್ರು ಸ್ಟೂಲು ಹತ್ತಿ ಡಬ್ಬಿ ಇಳಿಸಿ ಮುಚ್ಚಳ ತೆರೆದರು. ಎಣ್ಣೆಬಟ್ಟೆಯ ಗಂಟು ಬಿಚ್ಚಿದರು. ಒಳಗೆ ಹೊಚ್ಚಹೊಸ ನಟ್ಟುಗಳು, ಮೂತಿ ಆಲಿಕೆಯ ಹಾಗೆ ನೇರ. ಒಂದನ್ನು ತಿರುಗಿಸಿದರು, ತಲೆಯ ಮೇಲೆ ಹಳದಿ ಚುಕ್ಕೆ. ಇನ್ನೊಂದು, ಮತ್ತೊಂದು. ಅವಸರದಲ್ಲಿ ಎಲ್ಲವನ್ನೂ ಬಾನೆಟ್ಟಿನ ಮೇಲೆ ಸುರಿದು ಸಾಲಾಗಿ ಜೋಡಿಸಿದರು. ನಾಲ್ಕೂ ಚಕ್ರದವು ಇದ್ದವು, ಒಂದೂ ಚುಕ್ಕೆಯಿಲ್ಲದೆ ಇರಲಿಲ್ಲ.

"ಬಾರೋ ಇಲ್ಲಿ," ಎಂದು ಕೂಗಿದರು. "ನೋಡೋ! ಮುಗಿಸಿದ್ದೀಯ ಕಣೋ, ಎಲ್ಲಾ ಮುಗಿಸಿದ್ದೀಯ."

ಅಳಿಯ ಹೊಸ್ತಿಲು ದಾಟಿ ಬಂದು ನಟ್ಟುಗಳನ್ನು ನೋಡಿದ. ಮುಟ್ಟಲಿಲ್ಲ.

ಯಜಮಾನರು ಕಾರಿನ ಬಾಗಿಲು ಹಿಡಿದು ಮೆಲ್ಲಗೆ ನೆಲಕ್ಕೆ ಕುಸಿದು ಕೂತರು. "ನಾನೇ," ಎಂದರು. "ಕೈ ಹಾಕಲ್ಲ ಅಂದಿದ್ದೆ. ಚಕ್ರ ಎತ್ತೋಕೆ ಈ ಮಂಡಿಗೆ ಆಗಲ್ಲ. ನಟ್ಟಾದ್ರೂ ನನ್ನವು ಇರಲಿ ಅಂತ ಒಂದೊಂದಾಗಿ ಬದಲಾಯಿಸಿದೆ. ಇಷ್ಟು ವರ್ಷ ಅವು ಒಂದಿನ ಸಡಿಲ ಆಗಿರಲಿಲ್ಲ. ನಾನು ನೋಡ್ಕೊಂಡ ಒಂದು ಲಿಫ್ಟೂ ಬಿದ್ದಿಲ್ಲ ಅಮ್ಮಾ. ಹೊಸಾದರ ಮೇಲೆ ಮಗಳನ್ನ ಬಿಡೋಕೆ ಧೈರ್ಯ ಬರಲಿಲ್ಲ. ಚಕ್ರ ಕಳಚಿದಾಗ ಆ ಹೊಸ ಚಕ್ರವೇ ಹಾಳು ಅಂದ್ಕೊಂಡೆ. ನನ್ನ ನಟ್ಟಿನ ಮೇಲೆ ನಂಗೆ ಅನುಮಾನವೇ ಬರಲಿಲ್ಲ."

"ಅನುಮಾನ ಬಂದಿರಲಿಲ್ಲ ಅಂದ್ರೆ, ಯಾರು ಮುಟ್ಟಿದ್ರು ಅಂತ ಕೇಳಿದಾಗಲೇ ನಟ್ಟು ಬದಲಾಯಿಸಿದ್ದು ಹೇಳ್ತಿದ್ರಿ," ಎಂದರು ಸರ್ವೇಯರಮ್ಮ, ದನಿ ಏರಿಸದೆ.

ಯಜಮಾನರು ಜೇಬಿನ ಗ್ರೀಸು ಡಬ್ಬಿ ತೆಗೆದು ನೆಲದ ಮೇಲಿಟ್ಟರು. "ಹೌದು," ಎಂದರು.

"ಇನ್ನೊಂದು ಹೇಳಿ. ಈ ಹುಡುಗನಿಗೆ ಚುಕ್ಕೆ ಸಾಲದು. ನೀವು ಬಿಚ್ಚುವಾಗ ಮುಂದಿನ ಎಡಚಕ್ರದ ನಟ್ಟು ಹೇಗಿದ್ವು?"

ಯಜಮಾನರು ತಲೆಯೆತ್ತಿ ಅಳಿಯನನ್ನು ನೋಡಿದರು. ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. "ಬಿಗಿಯಾಗಿದ್ವು ಕಣಪ್ಪ. ನಾಲ್ಕೂ ಒಂದೇ ಬಿಗಿ. ಅದನ್ನ ಬಿಚ್ಚೋ ಹೊತ್ತಿಗೆ ನನ್ನ ಭುಜ ಬಿದ್ದುಹೋಯ್ತು. ನಿನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋಕೆ ಹೊರಟಿದ್ದೆ ನಾನು."

ಅಳಿಯ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಗಲು ಅದುರುವುದನ್ನು ಮೇಷ್ಟ್ರು ಕಂಡರು. ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟರು. ಎರಡು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಸರಿಯಿತು, ಆದರೆ ಸಂತೋಷ ಪಡೋಣವೆಂದರೆ ನೆಲದ ಮೇಲೆ ಕೂತ ಆ ಮುದುಕರು ಕಣ್ಣೆದುರಿಗೇ ಇದ್ದರು.

ಮಗಳು ಎದ್ದು ಅಪ್ಪನ ಹತ್ತಿರ ಬಂದಳು. ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಬೈದಳು ಕೂಡ. "ಚಕ್ರ ಬೇಡ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತಪ್ಪ? ಅಣ್ಣ ಕೂಗಾಡಿದ. ಅವನ ಜೊತೆ ಜಗಳ ಆಡಿದೆ. ನಿನ್ನಿಷ್ಟ ಅಂದವರ ಜೊತೆ ಹೇಗೆ ಜಗಳ ಆಡ್ಲಿ? ನನ್ನ ಕೈ ಸರಿಹೋಗುತ್ತೋ ಇಲ್ವೋ ಗೊತ್ತಿಲ್ಲ ನಂಗೆ." ಆಮೇಲೆ ಅಲ್ಲೇ ನೆಲದ ಮೇಲೆ ಅವರ ಪಕ್ಕ ಕೂತಳು. ಅಣ್ಣನೂ ಬಂದ.

"ಹಳೇದು ಹಾಗೇ ಇರಬೇಕಾ, ಬದಲಾಯಿಸಬೇಕಾ, ನೀವೇ ಹೇಳಿಬಿಡಿ ಅಮ್ಮಾ," ಎಂದ ಅವನು.

"ಎರಡೂ ಓಡುತ್ತೆ," ಎಂದರು ಸರ್ವೇಯರಮ್ಮ. "ಅರ್ಧ ಅದು ಅರ್ಧ ಇದು, ಅದೂ ಹೇಳದೆ ಮಾಡಿದ್ದು, ಅದೊಂದು ಓಡಲ್ಲ. ಮೇಷ್ಟ್ರೇ, ನಡೀರಿ, ಕಾಫಿ."

ಮಗಳ ಪ್ಲಾಸ್ಟರು ಬಿಚ್ಚುವವರೆಗೂ ಬೀದಿಗೆಲ್ಲ ಆತಂಕವೇ. ಬಿಚ್ಚಿದ ಮೇಲೆ ಬೆರಳುಗಳು ಒಂದೊಂದಾಗಿ ಆಡಿದವು, ಕಿರುಬೆರಳು ಸ್ವಲ್ಪ ತಡವಾಗಿ. ಕಾರಿಗೆ ಹೊಸ ಚಕ್ರ, ಹೊಸ ನಟ್ಟು ಎಂದು ಅವಳೇ ನಿರ್ಧರಿಸಿದಳು; ಸ್ಪ್ರಿಂಗಿನ ಮಾತು ಬಂದಾಗ ಮಾತ್ರ ಯಜಮಾನರು, "ನಂಗೆ ಇಷ್ಟ ಇಲ್ಲ," ಎಂದು ಗಟ್ಟಿಯಾಗಿ ಹೇಳಿದರಂತೆ. ಮನೆಯಲ್ಲಿ ಎರಡು ದಿನ ಒಳ್ಳೆಯ ಜಗಳವೇ ನಡೆಯಿತಂತೆ. ನಟ್ಟುಗಳನ್ನು ಅಳಿಯನೇ ಬಿಗಿ ಮಾಡಿದ, ಚುಕ್ಕೆಯಿಟ್ಟ. ಮುಂದಿನ ಎಡಚಕ್ರದ್ದನ್ನು ಮಾತ್ರ ಮತ್ತೊಮ್ಮೆ ಬಂದು ನೋಡಿದ, ಬೀದಿಯ ತಿರುವಿನಿಂದ ವಾಪಸು ಬಂದು ಇನ್ನೊಮ್ಮೆ ನೋಡಿದ. ಆ ಅಭ್ಯಾಸ ಅವನಿಗೆ ಹೋಗುವುದಿಲ್ಲವೇನೋ ಎಂಬ ಸಣ್ಣ ಚಿಂತೆ ಮೇಷ್ಟ್ರಿಗೆ ಉಳಿದೇ ಇತ್ತು.

ಒಂದು ಸಂಜೆ ಯಜಮಾನರು ಚದುರಂಗ ನೋಡಲು ಮೇಲೆ ಬಂದರು. ಮೇಷ್ಟ್ರು ಎಂದಿನಂತೆ ಸೋಲುತ್ತಿದ್ದರು. ಗಾಳಿ ಬೀಸಿತು, ಅಡುಗೆಮನೆಯ ಬಾಗಿಲು ಕಿರ್ ಎಂದಿತು. ಯಜಮಾನರ ಕೈ ತಾನಾಗಿ ಜೇಬಿಗೆ ಹೋಯಿತು, ಅಲ್ಲೇ ನಿಂತಿತು. ಬಾಗಿಲು ಇನ್ನೊಂದು ಸಲ ಕಿರುಗುಟ್ಟುವವರೆಗೂ ಅವರು ತುಟಿ ಕಚ್ಚಿ ಕೂತಿದ್ದರು.

"ಅಮ್ಮಾ," ಎಂದರು ಆಮೇಲೆ. "ಸ್ವಲ್ಪ ಗ್ರೀಸು ಹಚ್ಚಲಾ?"